ವೇಲ್ಸ್‌ನ ಪುಟ್ಟ ಹಳಿಗಳ ಮೇಲೆ: ಗುಜರಿಯಿಂದ ಉಳಿದ ಉಗಿ ಎಂಜಿನ್‌ಗಳು

ತವಿನ್

ತವಿನ್ ಅನ್ನುವುದು ವೇಲ್ಸ್‌ನ ಪಶ್ಚಿಮ ಕರಾವಳಿಯ ಚಿಕ್ಕ ಊರು. ಬರ್ಮಿಂಗ್‌ಹ್ಯಾಮ್‌ನಿಂದ ಬಂದ ರೈಲು ಕೊನೆಯ ಅರ್ಧ ಗಂಟೆ ಡವಿ ನದಿಯ ಅಳಿವೆಯ ಅಂಚಿನಲ್ಲೇ ಓಡುತ್ತದೆ. ನೀರು ಇಳಿದಿದ್ದರಿಂದ ಕಣ್ಣು ಹಾಯುವಷ್ಟು ದೂರ ಬರೀ ಮರಳು ಕಾಣುತ್ತಿತ್ತು. ನಾವು ಇಳಿದಾಗ ಸಂಜೆ ಏಳಾಗಿದ್ದರೂ ಜೂನ್ ತಿಂಗಳಾದ್ದರಿಂದ ಬಿಸಿಲು ಇನ್ನೂ ಇತ್ತು, ಅಂಗಡಿಗಳು ಮಾತ್ರ ಬಾಗಿಲು ಹಾಕಿದ್ದವು. ಇಂಥ ಊರುಗಳಲ್ಲಿ ರಾತ್ರಿ ಊಟದ ವ್ಯವಸ್ಥೆಯನ್ನು ಆರು ಗಂಟೆಯೊಳಗೇ ಮಾಡಿಕೊಳ್ಳಬೇಕು. ನಾವು ಉಳಿದುಕೊಂಡ ಮನೆಯ ಯಜಮಾನಿ ನಮ್ಮ ಮುಖ ನೋಡಿಯೇ ಲೀಕ್ ಎಂಬ ಈರುಳ್ಳಿ ಜಾತಿಯ ತರಕಾರಿ ಮತ್ತು ಆಲೂಗಡ್ಡೆಯ ಸೂಪ್ ಬಿಸಿ ಮಾಡಿ, ದಪ್ಪ ಬ್ರೆಡ್ಡಿನ ಜೊತೆ ಕೊಟ್ಟರು.

ಅಕ್ಕ, ಭಾವ ಮತ್ತು ನಾನು, ಹೀಗೆ ಮೂವರು ಹೋಗಿದ್ದೆವು. ಭಾವ ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಉಗಿ ಅಂದರೆ ಅವರಿಗೆ ಕೈಗೆ ಹತ್ತಿದ ವಿದ್ಯೆ. ನನಗೆ ಹಳೆಯ ರೈಲುಗಳ ಹುಚ್ಚು. ಈ ಮೂಲೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಮುಚ್ಚಿಹೋಗಲಿದ್ದ ರೈಲ್ವೆಯೊಂದನ್ನು ಸ್ವಯಂಸೇವಕರು ವಹಿಸಿಕೊಂಡು ಓಡಿಸಿದ್ದು ಜಗತ್ತಿನಲ್ಲಿ ಮೊದಲು ಇಲ್ಲೇ, ಟಾಲಿಲಿನ್ ರೈಲ್ವೆಯಲ್ಲಿ.

ಮರುದಿನ ಬೆಳಿಗ್ಗೆ ಆರೂವರೆಗೇ ಪೆಂಡ್ರೆ ಶೆಡ್ಡಿನ ಬೇಲಿಯ ಹತ್ತಿರ ಹೋಗಿ ನಿಂತೆವು. ಎಂಜಿನ್‌ಗಳು ಮಲಗುವುದೂ ರಿಪೇರಿಯಾಗುವುದೂ ಅಲ್ಲೇ. ಮಸಿ ಹತ್ತಿದ ನೀಲಿ ಮೇಲಂಗಿಯಲ್ಲಿದ್ದ ಒಬ್ಬ ಹೆಂಗಸು ನಮ್ಮನ್ನು ನೋಡಿ ಹೊರಗೆ ಬಂದರು. ಭಾವ ತಮ್ಮ ವೃತ್ತಿ ಹೇಳಿಕೊಂಡದ್ದೇ ತಡ, ಮೂವರಿಗೂ ಹಳದಿ ಜಾಕೆಟ್ ತೊಡಿಸಿ ಒಳಗೆ ಕರೆದೊಯ್ದರು. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರಂತೆ. ಈಗ ವರ್ಷದಲ್ಲಿ ಕೆಲವು ವಾರ ಇಲ್ಲಿಗೆ ಬಂದು ಎಂಜಿನ್‌ಗೆ ಬೆಂಕಿ ಹಾಕುತ್ತಾರೆ.

ಬೆಂಕಿ ಹಾಕುವ ಕೆಲಸ ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ನಿಧಾನದ್ದು. ಮೊದಲು ಗೇಜ್ ಗ್ಲಾಸ್‌ನಲ್ಲಿ ನೀರಿನ ಮಟ್ಟ ನೋಡಿದರು. ಗಾಜಿನಲ್ಲಿ ಕಂಡದ್ದನ್ನು ಹಾಗೇ ನಂಬದೆ ಕೆಳಗಿನ ಕಾಕ್ ತೆರೆದು ನೀರು ಬಿಟ್ಟು, ಮಟ್ಟ ಮತ್ತೆ ತಾನಾಗಿ ಏರುತ್ತದೆಯೇ ಎಂದು ಪರೀಕ್ಷಿಸಿದರು. ಆಮೇಲೆ ಟಾರ್ಚ್ ಹಿಡಿದು ಫೈರ್‌ಬಾಕ್ಸಿನೊಳಗೆ ತಲೆ ತೂರಿಸಿ, ಟ್ಯೂಬುಗಳ ಬಾಯಲ್ಲಿ, ಗೋಡೆಗಳನ್ನು ಬಿಗಿದು ಹಿಡಿಯುವ ಸ್ಟೇ ಎಂಬ ಸರಳುಗಳ ತುದಿಯಲ್ಲಿ ನೀರು ಜಿನುಗಿದ ಗುರುತಿದೆಯೇ ಎಂದು ಒಂದೊಂದಾಗಿ ನೋಡಿದರು. ಫೈರ್‌ಬಾಕ್ಸಿನ ಮೇಲ್ಛಾವಣಿಯಲ್ಲಿ ಸೀಸ ತುಂಬಿದ ಒಂದು ಪ್ಲಗ್ ಇರುತ್ತದೆ. ನೀರು ಅಪಾಯದ ಮಟ್ಟಕ್ಕಿಂತ ಕೆಳಗಿಳಿದರೆ ಸೀಸ ಕರಗಿ, ಉಗಿ ನೇರ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ. ಅದನ್ನೂ ನೋಡಿದ ಮೇಲೆಯೇ ಕಟ್ಟಿಗೆ ಚೂರು, ಎಣ್ಣೆ ಬಟ್ಟೆ, ಬೆಂಕಿಕಡ್ಡಿ. ಕಲ್ಲಿದ್ದಲು ಇನ್ನೂ ಆಮೇಲೆ. ಉಗಿ ಏರಲು ಗಂಟೆಗಟ್ಟಲೆ ಬೇಕು. ಆತುರಪಟ್ಟು ಕಾಯಿಸಿದರೆ ಒಂದು ಭಾಗ ಹಿಗ್ಗಿ ಇನ್ನೊಂದು ಭಾಗ ಹಿಂದುಳಿದು, ಲೋಹದ ಕೂಡುಗಳು ಸಡಿಲಾಗುತ್ತವೆ.

"ಹೊಟ್ಟೆ ತೊಳೆಯೋದು ಎಷ್ಟು ದಿನಕ್ಕೊಮ್ಮೆ?" ಎಂದು ಭಾವ ಕೇಳಿದರು. ಅವರ ಕಾರ್ಖಾನೆಯ ಮಾತಿನಲ್ಲಿ ಬಾಯ್ಲರ್ ವಾಷ್‌ಔಟ್‌ಗೆ ಹಾಗೆನ್ನುತ್ತಿದ್ದರಂತೆ. ಅಲ್ಲಿಂದ ನೀರಿನ ಗಡಸುತನ, ಒಳಗೆ ಕಟ್ಟುವ ಹಕ್ಕಳೆ, ಅದಕ್ಕೆ ಹಾಕುವ ಮದ್ದು ಎಂದು ಇಬ್ಬರ ಮಾತು ಎಲ್ಲೆಲ್ಲಿಗೋ ಹೋಯಿತು. ಅಕ್ಕ ಅಷ್ಟರಲ್ಲಿ ಒಂದು ಬಟ್ಟೆ ತೆಗೆದುಕೊಂಡು ಹಿತ್ತಾಳೆಯ ಡೋಮ್ ಉಜ್ಜಲು ಶುರುಮಾಡಿದ್ದಳು.

ಆ ಎಂಜಿನ್ನಿನ ಹೆಸರು ಡಾಲ್ಗಾಕ್. 1866ರದ್ದು. ಅದರ ಕಥೆ ಗೊತ್ತಿದ್ದರೆ ಅದನ್ನು ಮುಟ್ಟುವಾಗ ಕೈ ನಡುಗುತ್ತದೆ. ಟಾಲಿಲಿನ್ ರೈಲ್ವೆ ಹುಟ್ಟಿದ್ದು ಬ್ರಿನ್ ಎಗ್ಲ್ವಿಸ್ ಎಂಬ ಸ್ಲೇಟ್ ಗಣಿಯಿಂದ ಚಾವಣಿ ಕಲ್ಲುಗಳನ್ನು ಕೆಳಗಿಳಿಸಲು. ಹಳಿಗಳ ನಡುವಿನ ಅಗಲ 2 ಅಡಿ 3 ಇಂಚು. 1946ರ ಕೊನೆಗೆ ಗಣಿ ಕುಸಿದು ಮುಚ್ಚಿತು. 1948ರಲ್ಲಿ ಬ್ರಿಟನ್ನಿನ ಬಹುತೇಕ ರೈಲ್ವೆಗಳು ರಾಷ್ಟ್ರೀಕರಣವಾದಾಗ ಈ ಪುಟ್ಟ ಮಾರ್ಗ ಪಟ್ಟಿಯಿಂದಲೇ ಹೊರಗುಳಿಯಿತು. ಮಾಲೀಕ ಸರ್ ಹೆನ್ರಿ ಹೇಡನ್ ಜೋನ್ಸ್ ತಾವು ಬದುಕಿರುವವರೆಗೆ ರೈಲು ಓಡಿಸುವುದಾಗಿ ಮಾತು ಕೊಟ್ಟಿದ್ದರು, ಹಾಗೇ ನಡೆದುಕೊಂಡರು. 1950ರ ಜುಲೈಯಲ್ಲಿ ಅವರು ತೀರಿಕೊಂಡಾಗ ಓಡುವ ಸ್ಥಿತಿಯಲ್ಲಿದ್ದ ಎಂಜಿನ್ ಇದೊಂದೇ. ಹಲವೆಡೆ ಕೊಳೆತ ಸ್ಲೀಪರ್‌ಗಳಿಗಿಂತ ಹುಲ್ಲಿನ ಬೇರೇ ಹಳಿಯನ್ನು ಬಿಗಿಯಾಗಿ ಹಿಡಿದಿತ್ತು. ಅದೇ ಅಕ್ಟೋಬರ್‌ನಲ್ಲಿ ಟಾಮ್ ರೋಲ್ಟ್ ಮತ್ತು ಗೆಳೆಯರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಸೇರಿ ಸಂಘ ಕಟ್ಟಿದರು. 1951ರ ಮೇ 14ರಂದು ಅವರ ಮೊದಲ ರೈಲು ಹೊರಟಿತು. ಆ ಇಡೀ ಬೇಸಿಗೆಯ ಹೊರೆಯನ್ನು ಎಳೆದದ್ದು ಸವೆದು ಹೋಗಿದ್ದ ಇದೇ ಡಾಲ್ಗಾಕ್.

ಹತ್ತೂ ಚಿಲ್ಲರೆಯ ಗಾಡಿಗೆ ವಾರ್ಫ್ ನಿಲ್ದಾಣದಿಂದ ಹತ್ತಿದೆವು. ನಾಂಟ್ ಗ್ವೆರ್ನಾಲ್‌ವರೆಗೆ ಏಳೂಕಾಲು ಮೈಲಿ. ದಾರಿಯ ಸೇತುವೆಗಳ ಕೆಳಗೆ ಗೋಡೆ ಮುಖಕ್ಕೇ ಬಂದಂತಾಗುತ್ತದೆ. ರೈಲ್ವೆ ಶುರುವಾಗುವ ಮುನ್ನ ಸರ್ಕಾರದ ಇನ್‌ಸ್ಪೆಕ್ಟರ್ ಇದನ್ನು ನೋಡಿ, ಬೋಗಿಗಳ ಒಂದು ಬದಿಯ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಬೇಕು, ಸೇತುವೆಯ ಕೆಳಗೆ ಹಳಿಯನ್ನು ಪಕ್ಕಕ್ಕೆ ಸರಿಸಬೇಕು ಎಂದು ಹೇಳಿದ್ದರು. ಇವತ್ತಿಗೂ ಒಂದೇ ಬದಿಯಲ್ಲಿ ಹತ್ತಿ ಇಳಿಯಬೇಕು. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಾಗ ಕಣ್ಣಿಗೆ ಕೆಂಡದ ಕಣವೊಂದು ಬಿದ್ದು, ಅಬರ್‌ಗನೋಲ್ವಿನ್ ನಿಲ್ದಾಣದಲ್ಲಿ ಗಾರ್ಡ್ ತಣ್ಣೀರು ತಂದುಕೊಟ್ಟು ಕಣ್ಣು ತೊಳೆಸಿದರು. ಎಂಜಿನ್ ಹಿಂದಿನ ಮೊದಲ ಬೋಗಿಯಲ್ಲಿ ಕೂರುವವರು ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು.

ವಾಪಸು ಬರುವಾಗ ಡಾಲ್ಗಾಕ್ ಜಲಪಾತದ ಹತ್ತಿರ ಇಳಿದು, ನಡೆದು, ಮುಂದಿನ ಗಾಡಿ ಹಿಡಿದೆವು. ನಿಲ್ದಾಣದ ಚಹಾದಂಗಡಿಯಲ್ಲಿ ಬಾರಾ ಬ್ರಿತ್ ಸಿಕ್ಕಿತು. ಚಹಾದಲ್ಲಿ ನೆನೆಸಿದ ಒಣದ್ರಾಕ್ಷಿಯ ಕಂದು ಬ್ರೆಡ್ಡು, ಮೇಲೆ ಬೆಣ್ಣೆ. ವಾರ್ಫ್‌ನಲ್ಲಿರುವ ನ್ಯಾರೋ ಗೇಜ್ ಮ್ಯೂಸಿಯಂ ನೋಡಲು ಕನಿಷ್ಠ ಒಂದು ಗಂಟೆಯಾದರೂ ಬೇಕು.

ಕಾರಿಸ್

ಮುಂದಿನ ದಿನ ಮಳೆ. ಗಾಳಿಯೂ ಸೇರಿತ್ತು, ಅಕ್ಕನ ಛತ್ರಿ ಮಖಂತ್ಲೆತ್ ನಿಲ್ದಾಣದ ಹೊರಗೇ ಮುರಿಯಿತು. ವೇಲ್ಸ್‌ಗೆ ಛತ್ರಿ ಒಯ್ಯಬೇಡಿ, ಟೋಪಿ ಇರುವ ಮಳೆಕೋಟು ಒಯ್ಯಿರಿ.

ಮಖಂತ್ಲೆತ್ ನಿಲ್ದಾಣದಲ್ಲಿ ನೋಡಲು ಈಗ ಹೆಚ್ಚೇನೂ ಉಳಿದಿಲ್ಲ. ಆದರೂ ಸ್ವಲ್ಪ ಹೊತ್ತು ನಿಂತೆ. ಕಾರಿಸ್ ರೈಲ್ವೆ 1948ರಲ್ಲಿ ಮುಚ್ಚಿದ ಮೇಲೆ ಅದರ ಎರಡು ಎಂಜಿನ್‌ಗಳು ಈ ಅಂಗಳದಲ್ಲೇ ನಿಂತಿದ್ದವು. ಗುಜರಿಯವರ ಕೈಗೆ ಹೋಗದೆ ಅವು ಇಲ್ಲೇ ಉಳಿದದ್ದು ದೊಡ್ಡ ಪುಣ್ಯ. ಆ ಮಾರ್ಗದ ಹಳಿಯ ಅಗಲವೂ 2 ಅಡಿ 3 ಇಂಚು. ಬ್ರಿಟನ್ನಿನಲ್ಲಿ ಆ ಅಳತೆ ತೀರಾ ಅಪರೂಪ. ಅಂಥ ಎಂಜಿನ್ ಬೇಕಾಗಿದ್ದವರು ಹದಿನಾಲ್ಕೇ ಮೈಲಿ ಆಚೆ ಇದ್ದರು. 1951ರಲ್ಲಿ ಟಾಲಿಲಿನ್ ಸಂಘ ತಲಾ 25 ಪೌಂಡ್ ಕೊಟ್ಟು ಎರಡನ್ನೂ ಕೊಂಡಿತು. 1878ರದ್ದಕ್ಕೆ ಸರ್ ಹೇಡನ್ ಎಂದೂ 1921ರದ್ದಕ್ಕೆ ಎಡ್ವರ್ಡ್ ಥಾಮಸ್ ಎಂದೂ ಹೆಸರಿಟ್ಟರು.

ಕೊಂಡದ್ದೇನೋ ಆಯಿತು, ಸರ್ ಹೇಡನ್ ಹಳಿ ತಪ್ಪತೊಡಗಿತು. ಅಳೆದು ನೋಡಿದರೆ ಟಾಲಿಲಿನ್‌ನ ಹಳಿಗಳು ಇರಬೇಕಾದ್ದಕ್ಕಿಂತ ಸುಮಾರು ಅರ್ಧ ಇಂಚು ಅಗಲ. ಅಲ್ಲಿಯ ಹಳೆಯ ಎಂಜಿನ್ನೊಂದರ ಚಕ್ರಗಳ ನಡುವಿನ ಅಂತರ ಹೆಚ್ಚಿದ್ದರಿಂದ, ತಿರುವುಗಳಲ್ಲಿ ಅದಕ್ಕೆ ಅನುಕೂಲವಾಗಲೆಂದು ಹಿಂದಿನವರು ಬೇಕೆಂತಲೇ ಹಾಗೆ ಹಾಕಿದ್ದರು. ಹಳೆಯ ಎಂಜಿನ್ ಉಳಿಸುವುದು ಅಂದರೆ ಅದರ ಕಾಲಡಿಯ ಮೈಲಿಗಟ್ಟಲೆ ಹಳಿಯನ್ನೂ ಉಳಿಸುವುದು ಎಂದು ಆ ಸ್ವಯಂಸೇವಕರಿಗೆ ಮೊದಲ ವರ್ಷವೇ ಗೊತ್ತಾಗಿರಬೇಕು. ಎಡ್ವರ್ಡ್ ಥಾಮಸ್‌ನ ಪಾಲಿಗೆ ಅದೃಷ್ಟ ಒಲಿಯಿತು. ಲೀಡ್ಸ್‌ನ ಹನ್ಸ್‌ಲೆಟ್ ಕಾರ್ಖಾನೆಯ ಮುಖ್ಯಸ್ಥರು ಸಂಘದ ಸದಸ್ಯರೂ ಆಗಿದ್ದರು, ಅದನ್ನು ಹಣ ಪಡೆಯದೆ ರಿಪೇರಿ ಮಾಡಿಸಿಕೊಟ್ಟರು. 1952ರಿಂದ ಅದು ಕೆಲಸಕ್ಕಿಳಿಯಿತು.

ಟಿ2 ಬಸ್ಸು ಕಾರಿಸ್ ಹಳ್ಳಿಯ ಬುಡದಲ್ಲೇ ಇಳಿಸುತ್ತದೆ. ಎತ್ತ ನೋಡಿದರೂ ಸ್ಲೇಟು. ಮನೆಯ ಗೋಡೆ, ಚಾವಣಿ, ಹೊಲದ ಬೇಲಿ ಕೂಡ. ಒದ್ದೆಯಾದಾಗ ಆ ಕಲ್ಲು ನೇರಳೆಗೆ ತಿರುಗುತ್ತದೆ. ರಸ್ತೆ ಬದಿಯ ಇಳಿಜಾರಿನಲ್ಲಿ ಫಾಕ್ಸ್‌ಗ್ಲೋವ್ ಹೂಗಳು ಮಳೆಗೆ ತಲೆ ಬಾಗಿಸಿ ನಿಂತಿದ್ದವು. ಇಲ್ಲಿಯ ಸಂಘದವರು ಮುಕ್ಕಾಲು ಮೈಲಿಯಷ್ಟು ಹಳಿಯನ್ನು ಮತ್ತೆ ಹಾಕಿ 2002ರಿಂದ ಪ್ರಯಾಣಿಕರನ್ನು ಒಯ್ಯುತ್ತಿದ್ದಾರೆ. ತಮ್ಮ ಮೂಲ ಎಂಜಿನ್‌ಗಳು ಪಕ್ಕದ ಕಣಿವೆಯಲ್ಲಿ ಚೆನ್ನಾಗಿ ಬಾಳುತ್ತಿವೆ. ಅವನ್ನು ವಾಪಸು ಕೇಳುವಂತಿಲ್ಲ. ಅದಕ್ಕೆ ಇವರು ನಾಲ್ಕನೇ ನಂಬರಿನ, ಅಂದರೆ ಎಡ್ವರ್ಡ್ ಥಾಮಸ್‌ನ ಮಾದರಿಯಲ್ಲೇ ಹೊಸದೊಂದು ಉಗಿ ಎಂಜಿನ್ ಕಟ್ಟಿಸಿದರು. 2005ರಲ್ಲಿ ಅದು ಓಡಲಾರಂಭಿಸಿತು. ಗಾಡಿಗಳು ಹೆಚ್ಚಾಗಿ ವಾರಾಂತ್ಯದಲ್ಲೇ ಇರುವುದರಿಂದ ದಿನ ನೋಡಿಕೊಂಡು ಹೋಗಬೇಕು.

ಮೈಸ್‌ಪೋತ್‌ನಲ್ಲಿ 1878ರ ಕಲ್ಲಿನ ಶೆಡ್ ಇದೆ. ಮಳೆಯಿಂದ ತಪ್ಪಿಸಿಕೊಳ್ಳಲು ಒಳಗೆ ನಿಂತಿದ್ದಾಗ ಒಬ್ಬ ಹಿರಿಯರು ಸಿಕ್ಕರು. ಅವರ ಅಜ್ಜ ಇಲ್ಲಿಯ ಗಣಿಯಲ್ಲಿ ಕಲ್ಲು ಸೀಳುವ ಕೆಲಸ ಮಾಡುತ್ತಿದ್ದರಂತೆ. ಶೆಡ್ಡಿನ ಮೂಲೆಯಿಂದ ಒಂದು ಹಲಗೆ ಎತ್ತಿಕೊಂಡು, ಉಳಿಯನ್ನು ಅಂಚಿನ ಮೇಲಿಟ್ಟು ಸುತ್ತಿಗೆಯಿಂದ ಎರಡೇ ಪೆಟ್ಟು ಹಾಕಿದರು. ಕಲ್ಲು ದೋಸೆ ಮಗುಚಿದಷ್ಟು ಸಲೀಸಾಗಿ ಎರಡು ಪದರವಾಯಿತು. "ಬಲ ಬೇಡ, ಎಲ್ಲಿ ಬಿಡ್ತದೆ ಅಂತ ಕಲ್ಲೇ ಹೇಳ್ತದೆ," ಎಂದರು. ಭಾವ ತಾವೂ ಪ್ರಯತ್ನಿಸಿದರು, ಅವರ ಹಲಗೆ ಅಡ್ಡಡ್ಡ ತುಂಡಾಯಿತು. ಹಿರಿಯರು ಆ ತುಂಡನ್ನೇ ಕೈಗಿತ್ತು ಇಟ್ಟುಕೊಳ್ಳಿ ಎಂದರು.

ಪೋರ್ತ್‌ಮಾಡೊಗ್

ಅದೇ ಟಿ2 ಬಸ್ಸು ಡಾಲ್ಗೆತ್ಲೈ ಮೂಲಕ ಪೋರ್ತ್‌ಮಾಡೊಗ್ ಮುಟ್ಟಿಸುತ್ತದೆ. ಬೆಟ್ಟಗಳೆಲ್ಲ ಮೋಡದಲ್ಲಿ ಮುಳುಗಿದ್ದರಿಂದ ದಾರಿಯ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಊರು ಸೇರಿದ ಮೇಲೆ ಮಾತ್ರ ಆಕಾಶ ತೆರೆದುಕೊಂಡಿತು. ಕಾಬ್ ಎಂಬ ಉದ್ದನೆಯ ಒಡ್ಡಿನ ಮೇಲೆ ನಿಂತರೆ ಒಂದು ಕಡೆ ಸಮುದ್ರದ ಅಳಿವೆ, ಇನ್ನೊಂದು ಕಡೆ ಜೌಗು ಹುಲ್ಲುಗಾವಲು, ಅದರ ಹಿಂದೆ ಸಾಲು ಬೆಟ್ಟ. ಆ ಒಡ್ಡಿನ ಮೇಲೇ ಫೆಸ್ಟಿನಿಯೋಗ್ ರೈಲ್ವೆಯ ಹಳಿ ಹಾದುಹೋಗುತ್ತದೆ, ಅಗಲ ಎರಡು ಅಡಿಗೂ ಸ್ವಲ್ಪ ಕಡಿಮೆ.

1836ರಲ್ಲಿ ಶುರುವಾದಾಗ ಇಲ್ಲಿ ಎಂಜಿನ್ನೇ ಇರಲಿಲ್ಲ. ಬ್ಲೈನೈ ಫೆಸ್ಟಿನಿಯೋಗ್‌ನಿಂದ ಬಂದರಿನವರೆಗೆ ಒಂದೇ ಸಮನೆ ಇಳಿಜಾರು. ಸ್ಲೇಟು ತುಂಬಿದ ಬಂಡಿಗಳು ತಮ್ಮ ಭಾರದಿಂದಲೇ ಇಳಿಯುತ್ತಿದ್ದವು, ಖಾಲಿ ಬಂಡಿಗಳನ್ನು ಕುದುರೆಗಳು ಮೇಲಕ್ಕೆಳೆಯುತ್ತಿದ್ದವು. ಇಷ್ಟು ಕಿರಿದಾದ ಹಳಿಯ ಮೇಲೆ ಉಗಿ ಎಂಜಿನ್ ನಡೆಯುವುದಿಲ್ಲ ಎಂದು ನಂಬಿದ್ದ ಕಾಲದಲ್ಲಿ, 1863ರಲ್ಲಿ ಅದನ್ನು ತಂದು ಓಡಿಸಿದರು. ಸಾಗಣೆ ಹೆಚ್ಚಿದಾಗ ಫೇರ್ಲಿ ಮಾದರಿಯ ಜೋಡಿ ಎಂಜಿನ್ ಬಂತು. ನಡುವೆ ಫೈರ್‌ಬಾಕ್ಸ್, ಎರಡೂ ದಿಕ್ಕಿಗೆ ಒಂದೊಂದು ಬಾಯ್ಲರ್, ಎರಡು ಚಿಮಣಿ, ಅಡಿಯಲ್ಲಿ ತಿರುವಿಗೆ ತಕ್ಕಂತೆ ತಿರುಗುವ ಎರಡು ಚಕ್ರದ ಚೌಕಟ್ಟುಗಳು. ಡ್ರೈವರ್ ಒಂದು ಬದಿ, ಫೈರ್‌ಮನ್ ಇನ್ನೊಂದು ಬದಿ. ನಡುವೆ ಕುದಿಯುವ ಬಾಯ್ಲರ್ ಇರುವುದರಿಂದ ಅತ್ತಿಂದಿತ್ತ ದಾಟುವಂತಿಲ್ಲ. ನಾವು ಹೋದ ದಿನ ಗಾಡಿ ಎಳೆದದ್ದು ಮೆರ್ಧಿನ್ ಎಮ್ರಿಸ್. 1879ರಲ್ಲಿ ಒಡ್ಡಿನ ಆಚೆ ತುದಿಯ ಬಾಸ್ಟನ್ ಲಾಡ್ಜ್ ಕಾರ್ಯಾಗಾರದಲ್ಲಿ ಕಟ್ಟಿದ್ದು, ಈಗಲೂ ಅಲ್ಲೇ ರಿಪೇರಿ. ಅದರ ತಮ್ಮನಂಥ ಲಿವಿಂಗ್‌ಸ್ಟನ್ ಥಾಂಪ್ಸನ್ (1886) ಯಾರ್ಕ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ತಣ್ಣಗೆ ನಿಂತಿದೆ.

ಈ ವ್ಯತ್ಯಾಸದ ಬಗ್ಗೆ ಬಾಸ್ಟನ್ ಲಾಡ್ಜ್‌ನಲ್ಲಿ ಬಹಳ ಹೊತ್ತು ಯೋಚಿಸಿದೆ. ಮಾರ್ಗದರ್ಶಿಯ ಜೊತೆ ಒಳಗೆ ಹೋಗಿ ನೋಡುವ ವ್ಯವಸ್ಥೆ ಕೆಲವು ದಿನ ಇರುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಒಳಗೆ ಎಂಜಿನ್ ಒಂದನ್ನು ಪೂರ್ತಿ ಬಿಚ್ಚಿ ಹಾಕಿದ್ದರು. ಬಾಯ್ಲರ್ ಒಂದೆಡೆ, ಚಕ್ರಗಳು ಇನ್ನೊಂದೆಡೆ, ನಟ್ಟು ಬೋಲ್ಟುಗಳು ಚೀಟಿ ಕಟ್ಟಿದ ಡಬ್ಬಿಗಳಲ್ಲಿ. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಹೀಗೆ ಬಿಚ್ಚಿ, ತಗಡಿನ ದಪ್ಪವನ್ನು ಅಲ್ಟ್ರಾಸೌಂಡ್‌ನಿಂದ ಅಳೆದು, ಟ್ಯೂಬುಗಳನ್ನು ಬದಲಾಯಿಸಿ, ತಣ್ಣೀರು ತುಂಬಿಸಿ ಓಡುವಾಗಿನ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಹೀಗೆ ನಾಲ್ಕಾರು ಸಲ ಆದಮೇಲೆ ಮೂಲದ ಲೋಹ ಎಷ್ಟು ಉಳಿದೀತು? ಓಡುವ ಎಂಜಿನ್ ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ.

"ಹಾಗಾದರೆ ಇದು ಹಳೇದು ಅಂತ ಹೇಗೆ ಹೇಳೋದು ಭಾವ?" ಅಂತ ಕೇಳಿದೆ.

"ಅಲ್ಲಿ ನೋಡು," ಎಂದು ಅವರು ಬೆಂಚಿನ ಕಡೆ ಕೈ ತೋರಿಸಿದರು. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಬಿಳಿಲೋಹ ಹೊಯ್ದ ಬೇರಿಂಗನ್ನು ಸ್ಕ್ರೇಪರ್‌ನಿಂದ ಹೆರೆಯುತ್ತಿದ್ದ. ಆಕ್ಸಲ್‌ಗೆ ನೀಲಿ ಬಣ್ಣ ಸವರಿ, ಬೇರಿಂಗನ್ನು ಅದರ ಮೇಲಿಟ್ಟು ತಿರುಗಿಸಿ ತೆಗೆದು, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಹೆರೆಯುವುದು. ಮತ್ತೆ ಇಡುವುದು, ಮತ್ತೆ ಹೆರೆಯುವುದು. ಪಕ್ಕದಲ್ಲಿ ನಿಂತ ವಯಸ್ಸಾದವರು ಮಾತಾಡದೆ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. "ನಮ್ಮಲ್ಲಿ ಈ ಕೆಲಸ ಗೊತ್ತಿದ್ದ ಕೊನೇ ಮನುಷ್ಯ ನಿವೃತ್ತನಾದಾಗ ಯಾರೂ ಪಕ್ಕದಲ್ಲಿ ನಿಂತು ಕಲೀಲಿಲ್ಲ. ಆಮೇಲೆ ಮೆಷಿನ್ ಇತ್ತು, ಕೈ ಇರಲಿಲ್ಲ," ಎಂದರು ಭಾವ.

ಗಾಜಿನ ಹಿಂದಿನ ಎಂಜಿನ್ ಬೇಡವೆಂದು ನಾನು ಹೇಳುವುದಿಲ್ಲ. ಆ ಕಾಲದ ರಿವೆಟ್ಟು, ಬಣ್ಣದ ಪದರ, ಸವೆತದ ಗುರುತು ಹಾಗೇ ಉಳಿಯಬೇಕಾದರೆ ಒಂದನ್ನಾದರೂ ಮುಟ್ಟದೆ ಇಡಲೇಬೇಕು. ಆದರೆ ಎಲ್ಲವನ್ನೂ ಕಟ್ಟೆಯ ಮೇಲೆ ಏರಿಸಿ ಬಣ್ಣ ಬಳಿದು ನಿಲ್ಲಿಸಿದರೆ ಉಳಿಯುವುದು ಆಕಾರ ಮಾತ್ರ. ಬೆಂಕಿ ಹಾಕುವ ಕ್ರಮ, ಬೇರಿಂಗ್ ಹೆರೆಯುವ ಕೈ, ಶಬ್ದ ಕೇಳಿಯೇ ಕಾಯಿಲೆ ಹೇಳುವ ಕಿವಿ, ಇವೆಲ್ಲ ಉಳಿಯುವುದು ಓಡಿಸಿದರೆ ಮಾತ್ರ. ಬಾಸ್ಟನ್ ಲಾಡ್ಜ್ ಅದನ್ನು ಎಷ್ಟು ಚೆನ್ನಾಗಿ ಉಳಿಸಿಕೊಂಡಿದೆಯೆಂದರೆ 2023ರಲ್ಲಿ ಜೇಮ್ಸ್ ಸ್ಪೂನರ್ ಎಂಬ ಹೊಸ ಜೋಡಿ ಫೇರ್ಲಿಯೇ ಇಲ್ಲಿಂದ ಹೊರಬಂತು.

ಬ್ಲೈನೈಗೆ ಹೋಗುವ ದಾರಿಯಲ್ಲಿ ಧಿಆಲ್ಟ್ ಬಳಿ ಹಳಿ ಸುತ್ತು ಹಾಕಿ ತನ್ನದೇ ಮೇಲಿಂದ ದಾಟುತ್ತದೆ. ಅಲ್ಲಿ ಎಡ ಬಲ ಎರಡೂ ಕಡೆ ಎದ್ದು ನೋಡಿ. 1946ರಲ್ಲಿ ನಿಂತುಹೋದ ಈ ರೈಲ್ವೆಯನ್ನು ಆಲನ್ ಪೆಗ್ಲರ್ ಮುಂದಾಳತ್ವದಲ್ಲಿ 1955ರಿಂದ ಮತ್ತೆ ಓಡಿಸಲಾರಂಭಿಸಿದರು. ಅಷ್ಟರಲ್ಲಿ ಮೇಲುಭಾಗದ ಹಳಿಯ ಜಾಗ ವಿದ್ಯುತ್ ಯೋಜನೆಯ ಜಲಾಶಯಕ್ಕೆ ಹೋಗುವುದು ನಿಶ್ಚಯವಾಯಿತು. ಸ್ವಯಂಸೇವಕರು 1965ರಿಂದ 1978ರವರೆಗೆ ಬೆಟ್ಟ ಅಗೆದು, ಸುಮಾರು ಎರಡೂವರೆ ಮೈಲಿ ಹೊಸ ದಾರಿ ಮಾಡಿದರು. ಗಾಡಿ ಬ್ಲೈನೈ ಮುಟ್ಟಿದ್ದು 1982ರಲ್ಲಿ. ರಜೆಯ ದಿನಗಳಲ್ಲಿ ಬಂದು ಗುದ್ದಲಿ ಹಿಡಿದವರು ಅವರು. ಆ ಸುತ್ತಿನ ಮೇಲೆ ಗಾಡಿ ಏದುಸಿರು ಬಿಡುತ್ತಾ ಏರುವಾಗ ನನಗೆ ಗಂಟಲು ಕಟ್ಟಿಬಂತು.

ಬ್ಲೈನೈಯಲ್ಲಿ ಮತ್ತೆ ಮಳೆ. ಊರಿನ ಸುತ್ತ ಸ್ಲೇಟ್ ಚೂರುಗಳ ಗುಡ್ಡಗಳು ಮನೆಗಳ ಹಿತ್ತಿಲವರೆಗೂ ಇಳಿದಿವೆ. ಈ ಸ್ಲೇಟ್ ನಾಡಿಗೆ 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿದೆ. ಚೀಸ್ ಮತ್ತು ಈರುಳ್ಳಿಯ ಬಿಸಿ ಪೈ ತಿಂದು, ಒದ್ದೆ ಕಾಲುಚೀಲ ಹಿಂಡಿಕೊಂಡು ವಾಪಸು ಗಾಡಿ ಹತ್ತಿದೆವು.

ಕೆರ್ನಾರ್ವನ್ ದಾರಿ

ಕೊನೆಯ ಪಯಣ ವೆಲ್ಷ್ ಹೈಲ್ಯಾಂಡ್ ರೈಲ್ವೆಯದು, ಪೋರ್ತ್‌ಮಾಡೊಗ್‌ನಿಂದ ಕೆರ್ನಾರ್ವನ್‌ಗೆ 25 ಮೈಲಿ. ಬೆಳಿಗ್ಗೆ ಮೊದಲು ಊರಿನ ಇನ್ನೊಂದು ತುದಿಯ ಪುಟ್ಟ ಹೆರಿಟೇಜ್ ರೈಲ್ವೆಗೆ ನಡೆದು ಹೋಗಿ ರಸೆಲ್ ಎಂಬ ಎಂಜಿನ್ ನೋಡಿ ಬಂದೆವು. 1906ರ ರಸೆಲ್, ಹಳೆಯ ವೆಲ್ಷ್ ಹೈಲ್ಯಾಂಡ್ ಮಾರ್ಗ ಮುಚ್ಚಿದ ಮೇಲೆ ಯುದ್ಧಕಾಲದಲ್ಲಿ ಕಬ್ಬಿಣದ ಅದಿರಿನ ಗಣಿಗೆ, ಅಲ್ಲಿಂದ ಡಾರ್ಸೆಟ್‌ನ ಜೇಡಿಮಣ್ಣಿನ ಗಣಿಗೆ ದುಡಿಯಲು ಹೋಗಿತ್ತು. ಗುಜರಿಗೆ ಬೀಳುವ ಮುನ್ನ 1955ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಂಜಿನ್ ಪ್ರೇಮಿಗಳ ಕ್ಲಬ್ಬೊಂದು ಅದನ್ನು ಕೊಂಡು ಉಳಿಸಿತು. ಮತ್ತೆ ಉಗಿಯಲ್ಲಿ ಓಡಲು 1987ರವರೆಗೆ ಕಾಯಬೇಕಾಯಿತು.

ದೊಡ್ಡ ಮಾರ್ಗದ ಹಳಿಯನ್ನು 1997ರಿಂದ 2011ರವರೆಗೆ ಹಂತ ಹಂತವಾಗಿ ಹೊಸದಾಗಿ ಹಾಕಿದ್ದು. ಇದರ ಮೇಲೆ ಓಡುವುದು ದಕ್ಷಿಣ ಆಫ್ರಿಕಾದಿಂದ ತಂದ ಗ್ಯಾರಟ್ ಎಂಜಿನ್‌ಗಳು. ಮುಂದೊಂದು, ಹಿಂದೊಂದು ಚಕ್ರಗಳ ಜೋಡಣೆ, ನಡುವೆ ತೂಗುಹಾಕಿದಂತೆ ದಪ್ಪ ಬಾಯ್ಲರ್. ಅರವತ್ತು ಟನ್ನಿಗೂ ಹೆಚ್ಚು ತೂಕ ಎರಡಡಿ ಹಳಿಯ ಮೇಲೆ. 143ನೇ ನಂಬರಿನದು 1958ರಲ್ಲಿ ಮ್ಯಾಂಚೆಸ್ಟರ್‌ನ ಬೇಯರ್ ಪೀಕಾಕ್ ಕಾರ್ಖಾನೆ ಕಟ್ಟಿದ ಕಟ್ಟಕಡೆಯ ಗ್ಯಾರಟ್. ಬ್ರಿಟನ್ನಿನಿಂದ ಹಡಗೇರಿ ಹೋದದ್ದು ಕೆಲಸ ಮುಗಿಸಿ ಬ್ರಿಟನ್ನಿಗೇ ಬಂದು ಬದುಕಿತು.

ಪೋರ್ತ್‌ಮಾಡೊಗ್ ಬಿಡುವಾಗ ಗಾಡಿ ಪೇಟೆಯ ರಸ್ತೆಯನ್ನೇ ದಾಟುತ್ತದೆ, ಕಾರುಗಳೆಲ್ಲ ನಿಂತು ನೋಡುತ್ತವೆ. ಅಬರ್‌ಗ್ಲಾಸ್ಲಿನ್ ಕಣಿವೆಯಲ್ಲಿ ಹಸಿರು ನದಿ ಹಳಿಯ ಪಕ್ಕಕ್ಕೇ ಬಂದು ಹಾಲುನೊರೆ ಚೆಲ್ಲುತ್ತದೆ. ಬೆಧ್‌ಗೆಲರ್ಟ್ ದಾಟಿದ ಮೇಲೆ ನಲವತ್ತಕ್ಕೆ ಒಂದರ ಏರು, ಅಂದರೆ ನಲವತ್ತು ಅಡಿ ಸಾಗಿದರೆ ಒಂದು ಅಡಿ ಮೇಲಕ್ಕೆ. ಅಲ್ಲಿ ತೆರೆದ ಬೋಗಿಯಲ್ಲಿ ಕೂತವರಿಗೇ ಎಂಜಿನ್ನಿನ ಪೂರ್ತಿ ದನಿ ಕೇಳುವುದು. ಚಳಿ ತಡೆಯಬಲ್ಲವರು ಅಲ್ಲೇ ಕೂರಿ.

ಕೆರ್ನಾರ್ವನ್‌ನಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ತರುವಷ್ಟರಲ್ಲಿ ಭಾವ ಪ್ಲಾಟ್‌ಫಾರಂ ಅಂಚಿಗೆ ಹೋಗಿ ಆಗಿತ್ತು. ಕಲ್ಲಿದ್ದಲಿನ ಮಾತೇ ನಡೆದಿತ್ತು. ವೇಲ್ಸ್‌ನ ಎಂಜಿನ್‌ಗಳು ವೇಲ್ಸ್‌ನದೇ ಕಲ್ಲಿದ್ದಲು ತಿಂದು ಬೆಳೆದವು. ಮರ್ಥರ್ ಬಳಿಯ ಫೋಸ್-ಅ-ವ್ರಾನ್ ಗಣಿ 2023ರ ನವೆಂಬರ್‌ನಲ್ಲಿ ಮುಚ್ಚಿದ ಮೇಲೆ ಹೊರದೇಶದ ಕಲ್ಲಿದ್ದಲನ್ನೋ ಅದರ ಪುಡಿಯಿಂದ ಮಾಡಿದ ಉಂಡೆಗಳನ್ನೋ ಸುಡಬೇಕಾಗಿದೆ. ಪ್ರತಿಯೊಂದಕ್ಕೂ ಬೆಂಕಿ ಹರಡುವ ರೀತಿ ಬೇರೆ, ಕಿಟ್ಟ ಕಟ್ಟುವ ರೀತಿ ಬೇರೆ, ಫೈರ್‌ಮನ್ ಮತ್ತೆ ಕಲಿಯಬೇಕು. ಇದನ್ನೆಲ್ಲ ವಿವರಿಸುತ್ತಿದ್ದದ್ದು ಹತ್ತೊಂಬತ್ತರ ಹುಡುಗಿ. ಎಂಜಿನ್ ಒರೆಸುವ ಕೆಲಸದಿಂದ ಶುರುಮಾಡಿದವಳು. ಸೆಪ್ಟೆಂಬರ್‌ನಲ್ಲಿ ಅವಳಿಗೆ ಫೈರ್‌ಮನ್ ಪರೀಕ್ಷೆ ಇತ್ತು.

"ಎರಡೂ ಇಂಜೆಕ್ಟರ್ ಕೈಕೊಟ್ಟು ಬಾಯ್ಲರ್‌ಗೆ ನೀರು ಹೋಗ್ತಿಲ್ಲ. ಏನು ಮಾಡ್ತೀಯಮ್ಮ?" ಭಾವ ಕೇಳಿದರು.

"ಗ್ಲಾಸ್‌ನಲ್ಲಿ ನೀರು ಕಾಣ್ತಿರುವಾಗಲೇ ಬೆಂಕಿ ತೆಗೆದುಬಿಡ್ತೀನಿ. ನಿಲ್ದಾಣ ಮುಟ್ಟೋದು ಆಮೇಲಿನ ಮಾತು," ಎಂದಳು.

ಭಾವ ತಲೆಯಾಡಿಸಿ, ಮುಂದಿನ ಪ್ರಶ್ನೆಗೆ ಹೋದರು.